ಎರವಲು ಸ್ಟೀರಿಂಗ್

ಗಂಡ ಗಿರಿಧರನ ತಿಥಿ ಮುಗಿದ ಮರುದಿನ ಸುಚೇತಾ ಕೆಲಸಕ್ಕೆ ಹೊರಟಾಗ ಬೀದಿಗೆಲ್ಲ ಸೇರಿದ, ಚಾಲಕನೂ ಸ್ಟೀರಿಂಗೂ ಇಲ್ಲದ ಕಾರು ಎಂದಿನಂತೆ ತಾನೇ ಬಂದು ನಿಂತಿತು. ಮನೆಗೊಂದು ಕಾರಿದ್ದ ಕಾಲ ಮುಗಿದಿತ್ತು. ಆದರೂ ಗಿರಿಧರ ಆಯುಧಪೂಜೆಗೆಂದು ಎದುರುಮನೆಯ ಚನ್ನವೀರಪ್ಪನವರ ಹಳೇ ಕಾರಿನ ಸ್ಟೀರಿಂಗ್ ಎರವಲು ತಂದಿದ್ದ. ಆಮೇಲೆ ದಿನವೂ ಬೀದಿಯ ಕಾರಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ತಿರುಗಿಸುತ್ತ, ಬಾಯಲ್ಲೇ ಹಾರ್ನ್ ಹೊಡೆಯುತ್ತ ಹೋಗುತ್ತಿದ್ದ. ಪಕ್ಕದಲ್ಲಿ ಕೂತ ಅವಳಿಗೆ ನಾಚಿಕೆಯೋ ನಾಚಿಕೆ.

ಇವತ್ತು ಅದನ್ನು ಹಿಂದಿರುಗಿಸಬೇಕು, ಆದರೆ ಕೈಬಿಡಲು ಮನಸ್ಸಿಲ್ಲ. ಹಿಡಿದುಕೊಂಡೇ ಕಾರು ಹತ್ತಿದಳು.

"ಎದುರುಮನೆಗೆ."

"ಹತ್ತೇ ಹೆಜ್ಜೆ ಮೇಡಂ, ನಡೆದೇ ಹೋಗಬಹುದು," ಎಂದಿತು ಕಾರು.

"ಸುಮ್ನೆ ನಡಿ."

ಸ್ಟೀರಿಂಗ್ ತಿರುಗಿಸಿ, "ಪೊಂಯ್ ಪೊಂಯ್" ಎಂದಳು. ಗೇಟಿನಲ್ಲಿದ್ದ ಚನ್ನವೀರಪ್ಪ ಗಡಬಡಿಸಿ ಪಕ್ಕಕ್ಕೆ ಸರಿದರು.

"ನಿಧಾನ ಕಣಮ್ಮಾ! ನಿನ್ನ ಗಂಡನೂ ಹಿಂಗೇ, ಗೇಟು ನೋಡ್ತಾನೇ ಇರ್ಲಿಲ್ಲ."

ಸುಚೇತಾ ನಕ್ಕುಬಿಟ್ಟಳು. ಕೆಳಗಿಳಿದು ಸ್ಟೀರಿಂಗನ್ನು ಅವರ ಕೈಗಿಟ್ಟಳು.