ಯಜಮಾನರ ಗಾಲ್ಫ್ ಕೋಲು

ಅರವತ್ತೊಂದನೇ ವಯಸ್ಸಿನಲ್ಲಿ ಹೆಂಗಸೊಬ್ಬಳು ಗಾಲ್ಫ್ ಕಲಿಯುತ್ತೇನೆ ಎಂದರೆ ನೆಂಟರು ಮೊದಲು ಕೊಡುವುದು ಮಂಡಿ ಡಾಕ್ಟರ ಫೋನ್ ನಂಬರ್...

ನಾಗಲಾಂಬಿಕೆಯವರಿಗೆ ಅಂಥ ಮೂರು ನಂಬರ್ ಬಂದವು. ಮೂರನ್ನೂ ಸೇವ್ ಮಾಡಿಕೊಂಡು, ತೀರಿಹೋದ ಯಜಮಾನರ ಗಾಲ್ಫ್ ಬ್ಯಾಗನ್ನು ಆಟೋಗೆ ಹತ್ತಿಸಿ, ಸೀದಾ ಅಂತೋಣಪ್ಪನವರ ಅಂಗಡಿಗೆ ಹೊರಟರು.

ಅಂತೋಣಪ್ಪ ಒಂದು ಕಾಲಕ್ಕೆ ಮೈಸೂರಿನಲ್ಲಿ ಗಾಲ್ಫ್ ಆಡುವವರ ಬ್ಯಾಗ್ ಹೊತ್ತವರು. ಈಗ ಅದೇ ಜನಕ್ಕೆ ಕೋಲು ಮಾರುತ್ತಾರೆ, ರಿಪೇರಿಯನ್ನೂ ಮಾಡಿಕೊಡುತ್ತಾರೆ.

ಬ್ಯಾಗ್ ಕಂಡದ್ದೇ ಎದ್ದು ನಿಂತರು. "ಚಿದಾನಂದ ಸಾರ್‌ದು ಅಲ್ವಾ ಇದು! ಮಾರಬೇಕಾ ಅಮ್ಮಾ?"

"ಆಡಬೇಕು."

ಅಂತೋಣಪ್ಪ ನಗಲಿಲ್ಲ. ವ್ಯಾಪಾರ ಬಲ್ಲವರು.

ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ ಬೆಳಗ್ಗೆ ಐದೂವರೆಗೆ ಚಿದಾನಂದ ಮೈದಾನಕ್ಕೆ ಹೊರಡುತ್ತಿದ್ದರು. "ನೀನೂ ಬಾರೇ, ಆಡೋದು ಬೇಡ, ಸುಮ್ನೆ ಜೊತೇಲಿ ನಡಿ" ಎಂದು ಕರೆಯುತ್ತಿದ್ದರು.

"ಮನೇಲಿ ಇಡ್ಲಿ ಬೇಯಿಸೋರು ಯಾರು?" ಎಂದು ಇವರು ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಇಡ್ಲಿ ಬೆಂದವು...

ಅವರು ಹೋಗಿ ಹನ್ನೊಂದು ತಿಂಗಳು. ಈಗ ಭಾನುವಾರ ಐದಕ್ಕೇ ಎಚ್ಚರವಾಗುತ್ತದೆ. ಕರೆಯುವವರಿಲ್ಲ. ಇಡ್ಲಿಯೂ ಬೇಕಿಲ್ಲ.

ಅವರು ನಡೆದ ಹುಲ್ಲಿನ ಮೇಲೆ ಒಮ್ಮೆ ನಡೆಯಬೇಕು. ಅವರ ಕೈ ಇದ್ದ ಜಾಗದಲ್ಲೇ ತಮ್ಮ ಕೈ ಇಡಬೇಕು... ನಾಗಲಾಂಬಿಕೆಯವರ ಗಾಲ್ಫ್ ಆಸೆ ಇಷ್ಟೇ.

ಅಂತೋಣಪ್ಪ ಬ್ಯಾಗಿನ ಹದಿನಾಲ್ಕು ಕೋಲುಗಳಲ್ಲಿ ಒಂದನ್ನು ಎಳೆದರು. "ಕಲಿಯೋರಿಗೆ ಇಷ್ಟೆಲ್ಲ ಬೇಡಮ್ಮ. ಹೊಸ ಸೊಸೆ ಕೈಗೆ ಮೊದಲನೇ ದಿನವೇ ಮದುವೆ ಅಡುಗೆಯ ದೊಡ್ಡ ಪಾತ್ರೆ ಕೊಟ್ಟಂಗಾಗುತ್ತೆ. ಈ ಏಳನೇ ನಂಬರ್ ಸಾಕು."

ನಾಗಲಾಂಬಿಕೆಯವರನ್ನು ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನಿಂದ ನೆಲದವರೆಗೆ ಅಳೆದರು. "ಸಾರ್ ಎತ್ತರದ ಆಳು. ನಿಮಗಿದು ಎರಡಿಂಚು ಉದ್ದ. ಕತ್ತರಿಸಬೇಕು."

"ಕೆಳಗಡೆ ಕತ್ತರಿಸಿ."

"ಕೆಳಗಡೆ ಚೆಂಡು ಹೊಡೆಯೋ ತಲೆ ಇದೆಯಲ್ಲಮ್ಮಾ! ಮೇಲ್ಗಡೆಯೇ ಕತ್ತರಿಸೋದು. ಈ ರಬ್ಬರ್ ಹಿಡಿ ಕಿತ್ತು ಹೊಸದು ಹಾಕ್ತೀನಿ."

ನಾಗಲಾಂಬಿಕೆ ಕೋಲನ್ನು ಎದೆಗವಚಿಕೊಂಡರು. ಆ ಕಪ್ಪು ರಬ್ಬರಿನಲ್ಲಿ ಯಜಮಾನರ ಹೆಬ್ಬೆರಳು ಒತ್ತಿ ಒತ್ತಿ ಸಣ್ಣ ಗುಳಿ ಬಿದ್ದಿತ್ತು. ಹನ್ನೊಂದು ತಿಂಗಳಿಂದ ಇವರು ದಿನವೂ ಅದರಲ್ಲಿ ತಮ್ಮ ಹೆಬ್ಬೆರಳಿಟ್ಟು ಕೂರುತ್ತಿದ್ದರು...

"ಹಿಡಿ ಮಾತ್ರ ಮುಟ್ಟಬೇಡಿ."

"ಆಯ್ತು. ಹಾಗೇ ಒಂದು ಹೊಡೆದು ನೋಡಿ." ಹಿತ್ತಲಲ್ಲಿ ಬಲೆ ಕಟ್ಟಿತ್ತು.

ಮೊದಲ ಏಟಿಗೆ ಚೆಂಡು ಕದಲಲಿಲ್ಲ. ಅಲ್ಲೇ ಬಿದ್ದಿದ್ದ ಕಾಲೊರಸು ಹಾರಿತು. ಎರಡನೇ ಏಟಿಗೆ ಚೆಂಡು ಬಲೆಯನ್ನು ಬಿಟ್ಟು ಪಕ್ಕದ ತಗಡಿಗೆ ಬಡಿಯಿತು.

"ಹಿಂದೆ ಏನಾದ್ರೂ ಆಡಿದ್ರಾ ಅಮ್ಮಾ? ಟೆನ್ನಿಸ್ಸು, ಬ್ಯಾಡ್ಮಿಂಟನ್ನು?"

"ನೊಣ ಹೊಡೆದಿದ್ದೀನಿ." ಬೆವರು ಒರೆಸಿಕೊಂಡರು. "ಈ ಹಿಡಿ ತುಂಬ ದಪ್ಪ, ಕೈಯಲ್ಲಿ ನಿಲ್ತಾನೇ ಇಲ್ಲ. ಅವರ ಕೈ ದೊಡ್ಡದಲ್ವಾ..."

ಅಂತೋಣಪ್ಪ ಹಿಡಿಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಕೈ ದೊಡ್ಡದಲ್ಲಮ್ಮ. ದಪ್ಪ ಮಾಡಿದ್ದು ನಾನು. ಸಾರ್ ನಿಮಗೆ ಹೇಳಿರಲಿಲ್ವಾ?"

"ಏನು?"

"ಬೆರಳ ಗಂಟು ನೋವು. ಕೊನೇ ಮೂರು ವರ್ಷ ಮುಷ್ಟಿ ಮಡಚೋಕಾಗ್ತಿರಲಿಲ್ಲ ಅವರಿಗೆ. ಹಿಡಿ ದಪ್ಪ ಇದ್ರೆ ಬೆರಳು ಅಷ್ಟು ಮಡಚಬೇಕಾಗಲ್ಲ. ರಬ್ಬರ್ ಒಳಗಡೆ ಅಂಟು ಟೇಪು ಸುತ್ತಿ ಕೊಟ್ಟೆ. ಮೊದಲು ಎರಡು ಸುತ್ತು... ಆರು ತಿಂಗಳು ಬಿಟ್ಟು ಬಂದು, ಇನ್ನೆರಡು ಹಾಕು ಅಂದ್ರು... ಹಂಗೇ ಏರಿಸ್ತಾ ಹೋದ್ವಿ."

ನಾಗಲಾಂಬಿಕೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು.

ಹಿಂದೊಮ್ಮೆ ಮಧ್ಯಾಹ್ನದ ಊಟಕ್ಕೆ ನೆಂಟರಿದ್ದದ್ದು ನೆನಪಾಯಿತು. ಉಪ್ಪಿನಕಾಯಿ ಬಾಟಲಿ ಕೊಟ್ಟರೆ, ಯಜಮಾನರು ತಿರುಗಿಸಿ ತಿರುಗಿಸಿ ಹಾಗೇ ಕೆಳಗಿಟ್ಟರು.

"ಅಷ್ಟು ದೂರ ಚೆಂಡು ಹೊಡೆಯೋ ಶೂರರಿಗೆ ಒಂದು ಮುಚ್ಚಳ ತೆಗೆಯೋಕಾಗಲ್ವಾ?" ಎಂದು ಇವರೇ ಎಲ್ಲರನ್ನೂ ನಗಿಸಿದ್ದರು. ಯಜಮಾನರೂ ನಕ್ಕಿದ್ದರು... ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು.

"ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳಿದ್ದೆ ಅಮ್ಮಾ. 'ಹೇಳಿದ್ರೆ ಭಾನುವಾರ ಮನೇಲಿ ಕೂರಿಸಿಬಿಡ್ತಾಳೆ ಕಣಪ್ಪಾ' ಅಂತಿದ್ರು."

ನಾಗಲಾಂಬಿಕೆಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೊಂದು ಬಂತು. ಸೆರಗು ಬಾಯಿಗೆ ಒತ್ತಿಕೊಂಡರು.

"ಕೂರಿಸ್ತಿದ್ದೆ... ಖಂಡಿತ ಕೂರಿಸ್ತಿದ್ದೆ ಅಂತೋಣಪ್ಪನವರೇ."

ಕಣ್ಣೊರೆಸಿಕೊಂಡು ಕೋಲನ್ನು ತಾವೇ ಮುಂದೆ ಚಾಚಿದರು. "ಬಿಚ್ಚಿ."

ಬ್ಲೇಡ್ ಉದ್ದಕ್ಕೂ ಹರಿಯಿತು. ರಬ್ಬರ್ ಬಾಯಿ ಬಿಟ್ಟುಕೊಂಡು ಕಳಚಿ ಬಂತು. ಒಳಗೆ ಟೇಪು... ಒಂದು ಸುತ್ತು, ಎರಡು, ಮೂರು... ನಾಗಲಾಂಬಿಕೆ ತುಟಿಯಲ್ಲೇ ಎಣಿಸಿದರು. ಎಂಟಕ್ಕೆ ಕಬ್ಬಿಣ ಕಂಡಿತು.

ಎರಡೆರಡು ಸುತ್ತಿನಂತೆ ನಾಲ್ಕು ಸಲ ನೋವು ಹೆಚ್ಚಾಗಿತ್ತು. ಒಂದೇ ಮನೆ, ಒಂದೇ ಊಟದ ಮೇಜು... ಒಂದು ಸಲವೂ ಗೊತ್ತಾಗಿರಲಿಲ್ಲ.

"ಗುಳಿ ಇರೋ ರಬ್ಬರ್ ಕಟ್ಟಿಕೊಡಲಾ ಅಮ್ಮಾ?"

"ಬೇಡ. ಟೇಪು ಕೊಡಿ."

ಅಂತೋಣಪ್ಪ ಎರಡಿಂಚು ಕತ್ತರಿಸಿ, ಸಣ್ಣ ಹಿಡಿ ಹಾಕಿ, ಕೋಲನ್ನು ಕೈಗಿತ್ತರು. "ಈಗ ಹಿಡೀರಿ. ಹೆಂಗಿದೆ?"

ನಾಗಲಾಂಬಿಕೆಯವರ ಬೆರಳು ಪೂರ್ತಿ ಮಡಚಿತು. ಎಲ್ಲೂ ನೋಯಲಿಲ್ಲ.

ಎಷ್ಟು ಸುಲಭವಾಗಿ ಮಡಚಿತಲ್ಲ ಎಂದು ತಮ್ಮ ಮುಷ್ಟಿಯನ್ನೇ ನೋಡುತ್ತ ನಿಂತರು... ಚೆಂಡು ಹೊಡೆಯುವುದೇ ಮರೆತುಹೋಯಿತು.

*

ಜೊತೆಗಿರುವವರ ಕೈ ಹಿಡಿದರಷ್ಟೇ ಸಾಲದು, ಆ ಕೈಗೆ ಎಲ್ಲಿ ನೋಯುತ್ತದೆ ಎಂದೂ ಕೇಳಬೇಕು.

ನಿಮ್ಮ ಮನೆಯಲ್ಲಿ ನೀವು ತಮಾಷೆ ಮಾಡಿದಾಗ ಎಲ್ಲರ ಜೊತೆ ನಕ್ಕು, ಕೈ ಮರೆಮಾಡಿಕೊಳ್ಳುವವರು ಯಾರು... ಯೋಚಿಸಿದ್ದೀರಾ?