ದೇವಿ ಮಲಗಿದ್ದ ಮಧ್ಯಾಹ್ನ

ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆಗೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ನನಗಾಗ ಒಂಬತ್ತು ವರ್ಷ. ನಾನು ಜ್ವರದಿಂದ ಎದ್ದರೆ ತಿಕೋಟಾದಾಚೆಯ ಗುಡ್ಡದ ದೇವಿಗೆ ಕಾಯಿ ಒಡೆಸುವುದಾಗಿ ಅಜ್ಜಿ ಹರಕೆ ಹೊತ್ತಿದ್ದಳು. ಕೈಯಲ್ಲಿದ್ದ ರೊಕ್ಕ ಬಸ್ಸಿಗಷ್ಟೇ ಸಾಕಾಗುತ್ತಿತ್ತು. ಬುತ್ತಿ, ಕಾಯಿ ಎರಡನ್ನೂ ಮನೆಯಿಂದಲೇ ತಂದು, ಆಟೋ ಹತ್ತದೆ ನಡೆದೆವು. ನನ್ನ ಬರಿಗಾಲು ಸುಡದಿರಲೆಂದು ಅಜ್ಜಿ ಕುಡಿಯುವ ನೀರನ್ನೇ ಮೆಟ್ಟಿಲಿಗೆ ಚಿಮುಕಿಸುತ್ತಾ ಹತ್ತಿದಳು.

ಮೇಲೆ ನರಪಿಳ್ಳೆ ಇರಲಿಲ್ಲ. ಗುಡಿಗೆ ಬೀಗ. ಪೂಜಾರಿ ಕಟ್ಟೆಯ ಮೇಲೆ ಒರಗಿದ್ದ.

“ಬಾಗಲಾ ತೆಗೀರಿ ಯಪ್ಪಾ, ಹುಡುಗಿ ಹರಕಿ ಐತಿ,” ಎಂದಳು ಅಜ್ಜಿ.

“ದೇವಿ ಮಲಗ್ಯಾಳ. ಸಂಜಿಗೆ ಬರ್ರಿ.”

“ಸಂಜಿಗೆ ನಮಗ ಬಸ್ ಇಲ್ರಿ.”

ಆತ ಕಣ್ಣು ಮುಚ್ಚಿದ. ಅಷ್ಟರಲ್ಲಿ ಹಿಂದಿನ ರಸ್ತೆಯಿಂದ ಕಾರೊಂದು ಬಂತು. ಪೂಜಾರಿ ಓಡಿಹೋಗಿ ಬೀಗ ತೆಗೆದ. ಕಾರಿನವರು ಒಳಹೊಕ್ಕರು, ಗಂಟೆ ಬಾರಿಸಿದರು.

“ಈಗ ನೀವೂ ಬರ್ರಿ ಬೇ,” ಎಂದು ಆತ ಕರೆದ.

“ಅವರ ಸಲುವಾಗಿ ಎದ್ದಾಕಿ ನನಗ ಬ್ಯಾಡ!”

ಅಜ್ಜಿ ಅಂಗಳದ ಕಲ್ಲಿಗೆ ಕಾಯಿ ಒಡೆದು, ನನ್ನ ಕೈ ಹಿಡಿದು ಇಳಿಯತೊಡಗಿದಳು.

“ಹರಕಿ ತೀರ್ತೇನಬೇ?” ಎಂದು ಕೇಳಿದೆ.

“ನಂದು ತೀರ್ತು,” ಎಂದಳು. “ಆಕಿದು ಉಳದೈತಿ.”