ಧಣಿಗೊಂದು ಕಿಟಕಿ

“ಕಿಟಕಿ ಇಷ್ಟು ಸಾಲದಂತೆ ಮೇಸ್ತ್ರಿ. ಮಲಗಿದಲ್ಲಿಂದಲೇ ಆಕಾಶ ಕಾಣಬೇಕಂತೆ” ಎಂದರು ಜೈಲರು.

ಮೇಸ್ತ್ರಿ ಕರಣೆ ಕೆಳಗಿಟ್ಟು ಹೊಸ ಕೋಣೆಯ ಗೋಡೆ ನೋಡಿದ. ಅವನೂ ಈ ಜೈಲಿನ ಕೈದಿಯೇ. ಅವನು ಮಲಗುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಒಬ್ಬ ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕು. ಈ ಕೋಣೆ ಮಾತ್ರ ಧಣಿಗೆಂದೇ ಏಳುತ್ತಿತ್ತು.

ಧಣಿ ಕಟ್ಟಿಸಿದ ಬಟ್ಟೆ ಕಾರ್ಖಾನೆಯ ಛಾವಣಿ ಕುಸಿದು, ಹೊಲಿಗೆ ಯಂತ್ರದ ಮುಂದೆ ಕೂತವರು ಕೂತಲ್ಲೇ ಹೋದರು. ಪೊಲೀಸರು ಬೂಟು ಹಾಕಿಕೊಳ್ಳುವಷ್ಟರಲ್ಲಿ ಧಣಿ ವಿಮಾನ ಹತ್ತಿ ಪರದೇಶ ಸೇರಿದ್ದ. ಆ ಛಾವಣಿ ಹಾಕಿದ, ಓಡಿಹೋಗಲು ತಿಳಿಯದ ಮೇಸ್ತ್ರಿ ಸಿಕ್ಕಿಬಿದ್ದ. ಧಣಿಯನ್ನು ಹಿಂದಕ್ಕೆ ಕಳಿಸಿ ಎಂದು ಕೇಳಿದರೆ ಈಗ ಆ ದೇಶದ ನ್ಯಾಯಾಲಯ, ಗಾಳಿ ಬೆಳಕಿಲ್ಲದ ಜೈಲಿಗೆ ಮನುಷ್ಯರನ್ನು ಒಪ್ಪಿಸಲಾಗದು, ಕೋಣೆ ತೋರಿಸಿ ಎಂದಿತ್ತು. ನ್ಯಾಯವಾದ ಮಾತೇ. ಇಲ್ಲಿ ಒತ್ತೊತ್ತಾಗಿ ಬಿದ್ದುಕೊಂಡವರೂ ಮನುಷ್ಯರೆಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಭೇಟಿಗೆ ಬಂದ ತಮ್ಮನ ಹೆಂಡತಿ ಜಾಲರಿಯಾಚೆ ಸಿಡುಕಿದಳು. ಆ ಛಾವಣಿಯಡಿ ಸತ್ತವರಲ್ಲಿ ಅವಳ ಗಂಡನೂ ಒಬ್ಬ.

“ಆ ಮನೆಹಾಳನಿಗೆ ನೀವೇ ಕೋಣೆ ಕಟ್ತಿದೀರಂತೆ. ಮನಸ್ಸಾದ್ರೂ ಹೇಗೆ ಬಂತು ಭಾವ?”

“ಅವನು ಬರದೆ ಕೇಸು ಮುಂದೆ ಹೋಗಲ್ಲಮ್ಮ. ಸಿಮೆಂಟು ಸಾಲ್ದು ಅಂದಾಗ, ಮೇಸ್ತ್ರಿ ಮೇಸ್ತ್ರಿ ಥರ ಇರು ಅಂದೋನು ಅವನು. ಅದನ್ನ ಅವನ ಮುಖ ನೋಡ್ಕೊಂಡು ಜಡ್ಜ್ ಮುಂದೆ ಹೇಳ್ಬೇಕು ನಾನು.”

“ಆವತ್ತೇ ಕರಣೆ ಬಿಸಾಕಿ ಬರ್ಬೇಕಿತ್ತು ನೀವು.”

ಮೇಸ್ತ್ರಿ ತಲೆ ತಗ್ಗಿಸಿದ. ಅದೂ ನಿಜವೇ ಆಗಿತ್ತು.

ಅವನು ಜೀವ ತೇದು ಕಟ್ಟಿದ. ಕೇಳಿದ ಸಾಮಾನೆಲ್ಲ ಕೇಳಿದ ಕೂಡಲೇ ಬರುತ್ತಿತ್ತು. ಕಿಟಕಿಯಲ್ಲಿ ಆಕಾಶ ಬಂದು ಕೂತಿತು. ಪರದೇಶಕ್ಕೆ ಕಳಿಸಲು ವಿಡಿಯೋ ತೆಗೆದ ದಿನ ಜೈಲರು ಹಿರಿಹಿರಿ ಹಿಗ್ಗಿ, “ನಮ್ಮ ಕೈದಿಯೇ ಕಟ್ಟಿದ್ದು” ಎಂದು ಮೇಸ್ತ್ರಿಯ ಹೆಗಲ ಮೇಲೆ ಕೈಹಾಕಿ ಕ್ಯಾಮೆರಾ ಮುಂದೆ ನಿಂತರು. ಹಿಗ್ಗು ಬಹಳ ದಿನ ಉಳಿಯಲಿಲ್ಲ.

“ಕೆಲಸ ಕೆಟ್ಟಿತು ಕಣಯ್ಯಾ. ಧಣಿಯ ವಕೀಲ ನಿನ್ನ ಮುಖ ಗುರುತು ಹಿಡಿದಿದ್ದಾನೆ. ಛಾವಣಿ ಬೀಳಿಸಿದ ಆರೋಪಿ ಕಟ್ಟಿದ ಕೋಣೆ, ಅದರಲ್ಲಿ ಮಲಗಿದ್ರೆ ನಮ್ಮ ಕಕ್ಷಿದಾರರ ಜೀವಕ್ಕೆ ಅಪಾಯ ಅಂದಿದ್ದಾನೆ.”

“ಕೋರ್ಟು ಏನಂತು ಸಾರ್?”

“ಹೌದು ಅಂತು. ಈಗ ಕಳಿಸಲ್ಲವಂತೆ. ಒಡೆದುಹಾಕು, ಹೊರಗಿನವರ ಕೈಲಿ ಕಟ್ಟಿಸಿ ಮತ್ತೆ ಕೇಳೋಣ.”

ಮೇಸ್ತ್ರಿಯ ಮೈಯೆಲ್ಲ ಉರಿಯಿತು. “ಅಷ್ಟು ಜನರ ತಲೆ ಮೇಲೆ ಆ ಛಾವಣಿ ನಿಲ್ಲಿಸುವಾಗ ಇಲ್ಲದ ಭಯ ಈಗ ಬಂತಾ ಅವನಿಗೆ?” ಜೈಲರು ಸುತ್ತಿಗೆಯನ್ನು ಅವನತ್ತ ತಳ್ಳಿದರು.

ಅವನು ಸುತ್ತಿಗೆ ಎತ್ತಿ ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಬಾರಿಸಿದ. ಸುತ್ತಿಗೆ ಪುಟಿದು ವಾಪಸು ಬಂತು. ಮತ್ತೆ ಬಾರಿಸಿದ. ಅಂಗೈ ಬೊಬ್ಬೆ ಬಂದು ಒಡೆದರೂ ಗೋಡೆಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕೂ ಮೂಡಲಿಲ್ಲ.

“ಏನಯ್ಯಾ, ಅಲ್ಲಾಡ್ತಾನೇ ಇಲ್ವಲ್ಲ ಇದು?”

ಮೇಸ್ತ್ರಿ ಬೆವರು ಒರೆಸಿಕೊಂಡ.

“ಈ ಸಲ ಕೇಳಿದಷ್ಟು ಸಿಮೆಂಟು ಕೊಟ್ಟಿದ್ರಲ್ಲ ಸಾರ್.”